ತೊಯ್ದ ಕೈ, ನೀರಿಗೆ ಅಂಜದ ಫೋನ್

ಗೆಳೆಯರೇ, ನೀರಾಗ ಬಿದ್ರೂ ಏನೂ ಆಗದಂಥ ಫೋನ್ ಹಾರೂಗೇರಿಯಿಂದ ತಂದು ಇವತ್ತಿಗೆ ನಾಲ್ಕು ದಿನ. ಬಕೆಟ್‌ನಾಗ ಮುಳುಗಿಸಿ ನೋಡಿದೆ, ಟ್ರ್ಯಾಕ್ಟರ್ ಮ್ಯಾಲಿಂದ ಬೀಳಿಸಿ ನೋಡಿದೆ, ಏನೂ ಆಗಲಿಲ್ಲ. ನಿಪ್ಪಾಣಿಯಲ್ಲಿರೋ ಮಗಳು ಈಗ ಎಂಟು ತಿಂಗಳ ಬಸುರಿ. ಅಕಿ ಫೋನ್ ಒಂದೂ ತಪ್ಪಬಾರದು ಅಂತ ಇಷ್ಟೆಲ್ಲ.

ಇವತ್ತ ದ್ರಾಕ್ಷಿ ಗೊನೆ ಔಷಧದ ನೀರಾಗ ಅದ್ದೋ ಹೊತ್ತಿಗೆ ಅಕಿ ಫೋನ್ ಬಂತು. ತೊಯ್ದ ಬೆರಳಿನಿಂದ ಎಷ್ಟು ಸರಿಸಿದ್ರೂ ಎತ್ತಾಕ ಬರಲಿಲ್ಲ. ಅಂಗಿಗೆ ಒರೆಸಿದೆ, ಅಂಗಿನೂ ತೊಯ್ದಿತ್ತು. ರಿಂಗ್ ನಿಂತೇ ಹೋತು.

ಅಷ್ಟರಾಗ ಪಕ್ಕದ ಸಾಲಿನಾಗ ಹೆಂಡತಿಯ ಹಳೇ ಬಟನ್ ಫೋನ್ ರಿಂಗ್ ಆತು. ಅವಳ ಕೈನೂ ತೊಯ್ದಿತ್ತು. ಹೆಬ್ಬೆರಳಿಂದ ಒತ್ತಿ ಎತ್ತಿದಳು, ಮಾತಾಡಿ ನಕ್ಕಳು.

"ಏನಾತು? ಲಗೂನ ಹೇಳು" ಅಂದೆ.

"ಏನೂ ಆಗಿಲ್ರಿ. ಅಪ್ಪನ ಹೊಸ ಫೋನ್ ಹೆಂಗೈತಿ ಅಂತ ಕೇಳಾಕತ್ತಾಳ. ಏನ್ ಹೇಳಲಿ?"

ನೀರಿಗೆ ಬಿದ್ರೆ ಹೆಂಗ, ಕಲ್ಲಿಗೆ ಬಿದ್ರೆ ಹೆಂಗ ಅಂತ ಅಂಗಡಿಯವನ ತಲಿ ತಿಂದಿದ್ದೆ. ತೊಯ್ದ ಕೈಲೆ ಎತ್ತಾಕ ಬರತೈತೇನು ಅಂತ ಮಾತ್ರ ಕೇಳಿರಲಿಲ್ಲ.

ಫೋನ್ ಗಟ್ಟಿ ಐತಿ, ಸುಳ್ಳಲ್ಲ. ಈಗ ಅದರ ಸಲುವಾಗಿ ಒಂದು ಒಣ ಟಾವೆಲ್ ಹೆಗಲ ಮ್ಯಾಲೆ ಹಾಕ್ಕೊಂಡು ಅಡ್ಡಾಡಾಕತ್ತೀನಿ.