ಉಡಿಗೆ ಬಿದ್ದ ದನಿ

ಧೂಳಪ್ಪ ಇಂಡಿ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದಾಗ ಮೈಕು ಕೆಟ್ಟರೂ ಯಾರಿಗೂ ಚಿಂತೆ ಇರಲಿಲ್ಲ. ‘ಚಡಚಣ ಗಾಡಿ ಬಂದೈತಿ, ಹತ್ತೋರು ಲಗೂ ಹತ್ರಿ’ ಎಂದು ಬರಿಗಂಟಲಲ್ಲಿ ಕೂಗಿದರೆ, ಹೊರಗೆ ಚಹಾ ಕುಡಿಯುತ್ತಿದ್ದವರು ಕಪ್ಪು ಅಲ್ಲೇ ಇಟ್ಟು ಓಡಿ ಬರುತ್ತಿದ್ದರು. ಆ ನಿಲ್ದಾಣದ ಬಾಗಿಲಲ್ಲಿ ಮೂವತ್ತು ವರ್ಷ ಪೇಪರು ಮಾರಿದವನು ನಾನು, ಶ್ರೀಶೈಲಪ್ಪ. ಧೂಳಪ್ಪನ ಮಗ್ಗುಲ ಮನೆಯವನೂ ಹೌದು. ನನ್ನ ಮಾತು ನಂಬಿದರೆ ನಂಬಿ, ಇಲ್ಲವಾದರೆ ಬಿಡಿ.

ಎಂಬತ್ತರ ದಶಕದ ಕೊನೆಯಲ್ಲಿ ಧಾರಾವಾಹಿ ತೆಗೆಯುವ ಬೆಂಗಳೂರಿನವನೊಬ್ಬ ಸೊಲ್ಲಾಪುರದ ಬಸ್ಸಿಗೆ ಕಾಯುತ್ತ ಕೂತಿದ್ದ. ಧೂಳಪ್ಪನ ದನಿ ಕೇಳಿದ್ದೇ ತಡ, ಬಸ್ಸು ಬಿಟ್ಟು ಅವನ ಬೆನ್ನು ಹತ್ತಿದ. ಒಂದು ತಿಂಗಳು ರಜೆ ಹಾಕಿಸಿ ಕರೆದುಕೊಂಡೂ ಹೋದ. ‘ಎಂಟನೆಯ ಚಂದ್ರ’ ಎಂಬ ಧಾರಾವಾಹಿ. ಬೇರೆ ಲೋಕದಿಂದ ಇಳಿದು ಬಂದ ಕಬ್ಬಿಣದ ಮನುಷ್ಯನ ಪಾತ್ರ. ತಲೆಗೆ ತಗಡಿನ ಡಬ್ಬಿ, ಮುಖ ಯಾರಿಗೂ ಕಾಣುವಂತಿಲ್ಲ. ಆದರೆ ಮಾತು ಮಾತ್ರ ಅಪ್ಪಟ ಇಂಡಿಯದು! ಮೊದಲ ದಿನ ಓಣಿಯೆಲ್ಲ ಒಂದೇ ಟಿವಿಯ ಮುಂದೆ ಕೂತಿತ್ತು. ಡಬ್ಬಿಯೊಳಗಿಂದ ಮಾತು ಬಂದದ್ದೇ, ಅವನ ಹೆಂಡತಿ ಕಸ್ತೂರೆವ್ವ ಬಾಯಿಗೆ ಸೆರಗು ಹಿಡಿದು ನಕ್ಕಿದ್ದೇ ನಕ್ಕಿದ್ದು. ವಿಡಿಯೋ ಅಂಗಡಿಯ ಮೋದಿನಸಾಬ ಒಂದು ಕಂತನ್ನು ಕ್ಯಾಸೆಟ್ಟಿಗೆ ಇಳಿಸಿಕೊಟ್ಟ.

ನಮ್ಮ ಕೈಗೆ ಮೊಬೈಲುಗಳು ಬರುವ ಮೊದಲೇ ಧೂಳಪ್ಪನ ಗಂಟಲಿಗೆ ಕ್ಯಾನ್ಸರ್ ಬಂತು. ಆಪರೇಷನ್ ಮಾಡಿ ದನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು, ಮಾತು ಹೋಯಿತು. ಉಸಿರಿಗೆಂದು ಕುತ್ತಿಗೆಯಲ್ಲಿ ಒಂದು ತೂತು, ಅದರ ಮೇಲೆ ತೆಳ್ಳನೆಯ ಬಟ್ಟೆ. ಹೆಂಡತಿಯನ್ನು ಕರೆಯಬೇಕಾದರೆ ಚಪ್ಪಾಳೆ ತಟ್ಟಬೇಕು, ಏನಾದರೂ ಹೇಳಬೇಕಾದರೆ ಸ್ಲೇಟಿನ ಪಾಟಿಯ ಮೇಲೆ ಬಳಪದಿಂದ ಬರೆಯಬೇಕು. ಅವನ ದನಿ ಅಂತ ಈ ಭೂಮಿಯ ಮೇಲೆ ಉಳಿದದ್ದು ಆ ಒಂದು ಕ್ಯಾಸೆಟ್ಟಿನಲ್ಲಿ. ಅದನ್ನು ಹಚ್ಚಿ ಕೇಳಲು ಊರಲ್ಲಿ ಯಂತ್ರ ಉಳಿದಿರಲಿಲ್ಲ. ‘ವಿಜಯಪುರಕ್ಕ ಒಯ್ದು ಮೊಬೈಲಿಗೆ ಹಾಕಿಸ್ಕೊಂಡು ಬರೂಣು ನಡಿಯೋ’ ಎಂದು ಹತ್ತು ಸಲ ಹೇಳಿದೆ. ರೀಲು ಹರಿದು ಹೋದೀತೆಂದು ಅವನಿಗೆ ಅಂಜಿಕೆ. ಟ್ರಂಕಿನಿಂದ ತೆಗೆಯುವುದು, ಒರೆಸುವುದು, ಮತ್ತೆ ಒಳಗಿಡುವುದು. ಪುಕ್ಕಲ! ನನಗೆ ಸಿಟ್ಟು ನೆತ್ತಿಗೇರುತ್ತಿತ್ತು.

ಹೋದ ವರ್ಷ ಬೆಂಗಳೂರಿನ ಕಂಪನಿಯೊಂದರಿಂದ ಸುವರ್ಣಾ ಎಂಬ ಹುಡುಗಿ ಬಂದಳು.

‘ಈಗ ಎಲ್ಲಾ ಕಡೆ ಹಳೇ ಧಾರಾವಾಹಿಗಳನ್ನ ಹೊಸದಾಗಿ ತೆಗೀತಿದಾರೆ ಅಂಕಲ್. ಎಂಟನೆಯ ಚಂದ್ರಾನ ನಾವು ಮಾಡ್ತಿದೀವಿ. ಆದ್ರೆ ಹಳೇ ಟೇಪೆಲ್ಲ ಹಾಳಾಗಿದೆ, ನಿಮ್ಮದೊಂದೇ ಉಳಿದಿರೋದು.’

ಹೊಸ ಕತೆ ಹುಟ್ಟಿಸಲಾರದವರು ಹಳೆಯ ಬೂದಿ ಕೆದರುತ್ತಾರೆ ಎಂದುಕೊಂಡೆ. ಧೂಳಪ್ಪ ಕ್ಯಾಸೆಟ್ಟನ್ನು ಹೊರಗೆ ತಂದ, ಮಂಚದ ಮೇಲಿಟ್ಟ. ಬಹಳ ಹೊತ್ತು ಯೋಚಿಸಿ ಪಾಟಿಯ ಮೇಲೆ ಬರೆದ: ‘ಕೊಡೂದಿಲ್ಲ. ನಾನ ತಗೊಂಡು ಬರ್ತೇನಿ. ನನ್ನ ಕಣ್ಣ ಮುಂದ ಕಾಪಿ ಮಾಡ್ರಿ.’ ಹುಡುಗಿ ಓದಿ, ಆಫೀಸಿನಲ್ಲಿ ಕೇಳಿ ಹೇಳುತ್ತೇನೆ ಅಂದಳು.

ಕಸ್ತೂರೆವ್ವನಿಗೆ ಓದು ಬಾರದು. ಕ್ಯಾಸೆಟ್ಟು ಹೊರಗೆ ಬಂದದ್ದು ಕೊಡುವುದಕ್ಕೇ ಎಂದು ತಿಳಿದಳು. ದೂರದಿಂದ ಬಂದ ಹೆಣ್ಣುಮಗಳು ಬರಿ ಉಡಿಯಲ್ಲಿ ಹೋಗಬಾರದು, ಅಷ್ಟೇ ಅವಳಿಗೆ ಗೊತ್ತು. ಸುವರ್ಣಾ ಸೀರೆ ಉಟ್ಟಿರಲಿಲ್ಲ, ಪ್ಯಾಂಟು ಹಾಕಿ ಹೆಗಲಿಗೊಂದು ದುಪಟ್ಟಾ ಇಳಿಬಿಟ್ಟಿದ್ದಳು. ‘ನಿನ್ನ ಓಡಣೀನ ಹಿಡಿಯವ್ವ’ ಎಂದು ಓಡಣಿಯ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಕುಪ್ಪಸಕ್ಕೊಂದು ಖಣ ಹಾಕಿದಳು. ಧೂಳಪ್ಪ ಎದ್ದು ಚಪ್ಪಾಳೆ ತಟ್ಟಿದ. ಹೆಂಡತಿ ಕ್ಯಾಸೆಟ್ಟಿಗೆ ಕೈ ಚಾಚಿದ್ದು ಅವನಿಗೆ ಕಂಡಿತ್ತು. ‘ತಡೀರಿ, ಬಸ್ಸಿಗೆ ಹೊತ್ತಾಗೈತಿ ಅಂತ ನನಗೂ ಗೊತ್ತೈತಿ’ ಎಂದು ಅವಳು ತಿರುಗಿಯೂ ನೋಡದೆ ಅದನ್ನೂ ಉಡಿಗೆ ಹಾಕಿ, ಹುಡುಗಿಯ ಹಣೆಗೆ ಕುಂಕುಮ ಹಚ್ಚಿಬಿಟ್ಟಳು.

‘ಅಯ್ಯೋ, ಕೊಟ್ಟೇಬಿಟ್ರಾ! ತುಂಬಾ ಥ್ಯಾಂಕ್ಸ್ ಅಮ್ಮ’ ಅಂದಳು ಸುವರ್ಣಾ.

ನಾನೂ ಅಲ್ಲೇ ನಿಂತಿದ್ದೆ, ಬಾಯಿ ಇದ್ದೂ ಮೂಕನಂತೆ. ಹೆಣ್ಣುಮಗಳ ಉಡಿಗೆ ಕೈ ಹಾಕಿ ತಿರುಗಿ ತೆಗೆಯುವುದೆಂದರೇನು? ಅಂಥ ಕೆಲಸ ನಮ್ಮ ಕಡೆ ಹಗೆಯವರೂ ಮಾಡರು.

ಆಮೇಲೆ ನಾನು ಪಾಟಿ ಓದಿ ಹೇಳಿದಾಗ ಕಸ್ತೂರೆವ್ವ ಎದೆ ಎದೆ ಬಡಿದುಕೊಂಡು ಅತ್ತಳು. ಆದರೆ ಫೋನು ಹಚ್ಚುತ್ತೇನೆಂದರೆ ಬಿಡಲಿಲ್ಲ. ‘ಬ್ಯಾಡ್ರೀ ಅಣ್ಣಾರ. ಉಡಿಗೆ ಬಿದ್ದದ್ದು ಆಕೀದಾತು. ತಿರುಗಿ ಕೇಳಿದ್ರ ಆ ಕೂಸಿಗೆ ಒಳ್ಳೇದಾಗೂದಿಲ್ಲ.’

ತಿಂಗಳು ಕಳೆದ ಮೇಲೆ ಅವಳಿಗೆ ಗೊತ್ತಾಗದಂತೆ ಫೋನು ಮಾಡಿದೆ. ಸುವರ್ಣಾ ಕೆಲಸ ಬಿಟ್ಟಿದ್ದಳು. ಇನ್ನೊಬ್ಬ ಮಾತಾಡಿದ: ‘ನೀವೇ ಗಿಫ್ಟ್ ಕೊಟ್ಟಿದ್ದೀರಂತಲ್ಲ ಸಾರ್, ಅದೀಗ ಕಂಪನೀದು.’ ನನಗೆ ಬಂದ ಬೈಗುಳವನ್ನೆಲ್ಲ ಬೈದೆ. ಏನು ಉಪಯೋಗ? ಅವನು ಯಾವಾಗಲೋ ಫೋನು ಇಟ್ಟಿದ್ದ.

ಹೋದ ವಾರ ಹೊಸ ‘ಎಂಟನೆಯ ಚಂದ್ರ’ ಮೊಬೈಲಿನಲ್ಲಿ ಬಂತು. ಸಂಜೆ ಧೂಳಪ್ಪನ ಪಡಸಾಲೆಯಲ್ಲಿ ಕೂತು ಹಚ್ಚಿದೆ. ಕಸ್ತೂರೆವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಕಬ್ಬಿಣದ ಮನುಷ್ಯ ಈಗ ಹೊಳೆಹೊಳೆಯುತ್ತಿದ್ದ, ಬೆರಳುಗಳಲ್ಲಿ ಬೆಳಕು. ಯಾವುದೋ ಮನೆಯ ಮುಂದೆ ನಿಂತು ಬಾಯಿ ತೆರೆದ.

‘ಮನ್ಯಾಗ ಯಾರದೀರಿ? ಬಾಗಲಾ ತಗೀರಿ.’

ಅದು ಧೂಳಪ್ಪನ ದನಿ. ಅವನು ಎಂದೂ ಆಡದ ಮಾತು, ದನಿ ಮಾತ್ರ ಅವನದೇ. ಹಳೆಯ ದನಿಯನ್ನು ಕಂಪ್ಯೂಟರಿಗೆ ಕಲಿಸಿ ಹೊಸ ಮಾತು ಆಡಿಸುತ್ತಾರೆಂದು ಪೇಪರಿನಲ್ಲಿ ಓದಿದ್ದೆ. ಓದುವುದು ಬೇರೆ, ಪಕ್ಕದಲ್ಲಿ ಆ ಮನುಷ್ಯನನ್ನೇ ಕೂಡಿಸಿಕೊಂಡು ಕೇಳುವುದು ಬೇರೆ.

ಒಳಗೆ ರೊಟ್ಟಿಯ ಸಪ್ಪಳ ನಿಂತಿತು. ‘ಬಂದ್ನಿ ತಡೀರಿ, ಕೈ ಹಿಟ್ಟಾಗ್ಯಾವು’ ಎನ್ನುತ್ತ ಕಸ್ತೂರೆವ್ವ ಹೊರಗೆ ಓಡಿ ಬಂದಳು. ಮೊದಲು ಬಾಗಿಲು ನೋಡಿದಳು. ಆಮೇಲೆ ಗಂಡನನ್ನು. ಆಮೇಲೆ ನನ್ನ ಕೈಯ ಮೊಬೈಲನ್ನು. ಅಲ್ಲೇ ನೆಲಕ್ಕೆ ಕುಸಿದು ಕೂತಳು.

‘ಅಣ್ಣಾರ, ಎಲ್ಲಾ ಮಾತಾಡತೈತಲ್ಲರಿ ಅದು. ಅದರ ಬಾಯಿಲೆ ಒಮ್ಮೆ ನನ್ನ ಹೆಸರ ಅನಸ್ರಿ. ಇಪ್ಪತ್ತು ವರ್ಷಾತು ಕೇಳಿಲ್ಲ.’

‘ಅದು ನಮ್ಮ ಕೈಯಾಗಿಲ್ಲ ತಂಗಿ’ ಅಂದೆ. ಮೊಬೈಲು ಬಂದ್ ಮಾಡಿದೆ.

ಧೂಳಪ್ಪ ಮಂಚದಿಂದ ಇಳಿದು ಅವಳೆದುರು ಕೂತ. ಬಾಯಿ ತೆರೆದ. ಮುಖ ಕೆಂಪಾಯಿತು, ಕುತ್ತಿಗೆಯ ನರ ಉಬ್ಬಿತು, ತೂತಿನ ಮೇಲಿನ ಬಟ್ಟೆ ಪಟಪಟ ಹೊಡೆದುಕೊಂಡಿತು. ಮತ್ತೊಮ್ಮೆ ಪ್ರಯತ್ನಿಸಿದ. ಮಗದೊಮ್ಮೆ. ಕಣ್ಣಲ್ಲಿ ನೀರು ಬಂತು.

ಅವಳು ಹಿಟ್ಟಿನ ಕೈಯಿಂದಲೇ ಅವನ ಬಾಯಿ ಮುಚ್ಚಿದಳು. ‘ಕೇಳಿಸ್ತ್ರಿ, ಕೇಳಿಸ್ತು. ಸಾಕ ಬಿಡ್ರಿ, ದಣಕೋಬ್ಯಾಡ್ರಿ.’

ನಾನು ಅವರ ಮಗ್ಗುಲಲ್ಲೇ ಕೂತಿದ್ದೆ. ನನಗೆ ಏನೂ ಕೇಳಿಸಿರಲಿಲ್ಲ.