ಯಂತ್ರಕ್ಕೆ ಉಪಚಾರ ಕಲಿಸಿದವಳು

ನಮ್ಮ ಸುಮಂಗಲಾ ಕಮಲಾಪುರದವಳು. ಕಲಬುರಗಿಗೆ ಬಂದು ಖೂಬಾ ಪ್ಲಾಟಿನ ನಮ್ಮ ಪುಟ್ಟ ಆಫೀಸು ಸೇರುವ ಮುಂಚೆ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಳು. ಅಪ್ಪ ಮಾಪಣ್ಣ ನಂದೂರಿನ ಬೇಳೆ ಮಿಲ್ಲಿನಲ್ಲಿ ಆಯುಷ್ಯ ಸವೆಸಿ ಮಗಳನ್ನು ಓದಿಸಿದವರು. ತಿಳಿಯದವರಿಗೆ ತಿಳಿಯುವ ಹಾಗೆ ಹೇಳುವುದರಲ್ಲಿ ಅವಳದು ಎತ್ತಿದ ಕೈ. ಆದರೆ ನೀ ಹೇಳಿದ್ದು ತಪ್ಪು ಎಂದುಬಿಟ್ಟರೆ ಸಾಕು, ಮುಖ ಊದಿಸಿಕೊಂಡು ಮಾತು ಬಿಡುತ್ತಾಳೆ. ಪಕ್ಕದ ಕುರ್ಚಿಯವಳಾದ ನನಗೆ ಅದರ ರುಚಿ ಚೆನ್ನಾಗಿ ಗೊತ್ತು.

ನಾವು ಮಾಡುವುದು ಹುಡುಕುವ ಒಂದು ಟೂಲ್. ಅದು ಪ್ರತಿ ಪ್ಯಾರಾವನ್ನೂ ಅಂಕಿಗಳ ಸಾಲಾಗಿ ಮಾಡಿ ಇಟ್ಟುಕೊಳ್ಳುತ್ತದೆ. ಅರ್ಥ ಹತ್ತಿರವಿದ್ದರೆ ಅಂಕಿಗಳೂ ಹತ್ತಿರ. ಪ್ರಶ್ನೆ ಬಂದರೆ ಅದನ್ನೂ ಅಂಕಿಗೆ ಇಳಿಸಿ, ಇದ್ದುದರಲ್ಲಿ ಹತ್ತಿರದ ಪ್ಯಾರಾ ಎತ್ತಿ ಕೊಟ್ಟು, ಅದು ಪ್ರಶ್ನೆಯ ಅರ್ಥದಿಂದ ಎಷ್ಟು ದೂರವಿದೆ ಎಂದೂ ತಿಳಿಸುತ್ತದೆ. ಇದನ್ನು ಬಳಸುವುದು ಮನುಷ್ಯರಲ್ಲ, ಎಐ ಏಜೆಂಟ್. ಎಂದರೆ ತಾನೇ ಫೋನ್ ಎತ್ತಿ, ತಾನೇ ಹುಡುಕಿ, ತಾನೇ ಉತ್ತರಿಸುವ ಪ್ರೋಗ್ರಾಮ್. ಟೂಲನ್ನು ಹೇಗೆ ಬಳಸಬೇಕೆಂಬ ಕೈಪಿಡಿ ಬರೆಯುವುದು ಸುಮಂಗಲಾಳ ಕೆಲಸ. ಮನುಷ್ಯರಾದರೆ ಕೈಪಿಡಿಯಲ್ಲಿ ಅರ್ಧ ಬಿಟ್ಟು ಸ್ವಂತ ಬುದ್ಧಿ ಓಡಿಸುತ್ತಾರೆ. ಏಜೆಂಟ್ ಬರೆದದ್ದನ್ನು ಬರೆದ ಹಾಗೆ ಮಾಡುತ್ತದೆ.

ಸರಿಯಾದ ಪ್ಯಾರಾ ಸಿಗದಿದ್ದರೆ ಏನು ಮಾಡಬೇಕು ಎಂಬಲ್ಲಿ ಅವಳು ಹೀಗೆ ಬರೆದಳು: ‘ಕೇಳಿದವರನ್ನು ಬರಿಗೈಲಿ ಕಳಿಸಬೇಡ. ದೂರದ್ದಾದರೂ ಸಿಕ್ಕಿದ್ದನ್ನು ಸೌಜನ್ಯದಿಂದ ಹೇಳು.’ ನಮ್ಮ ಕಡೆ ಬಾಗಿಲಿಗೆ ಬಂದವರಿಗೆ ಬೆಲ್ಲ-ನೀರಾದರೂ ಕೊಟ್ಟೇ ಕಳಿಸುತ್ತೇವೆ. ದಾರಿ ಕೇಳಿದವರಿಗೆ ಗೊತ್ತಿಲ್ಲ ಎನ್ನಲು ನಾಚಿ ಯಾವುದೋ ಒಂದು ದಾರಿ ತೋರಿಸುತ್ತೇವೆ. “ಎಷ್ಟ ಚಂದ ಬರದೀಯಲ್ಲ!” ಎಂದು ಹೊಗಳಿದವಳು ನಾನೇ. ಮಾಲೀಕ ಸುಜಯೀಂದ್ರನೂ ತಲೆದೂಗಿದ.

ಈ ಏಜೆಂಟೇ ಫೋನ್ ಎತ್ತುವ, ಕಮಲಾಪುರದ ಬಾಳೆ ಬೆಳೆಗಾರರ ಸಹಾಯವಾಣಿ ಶುರುವಾದ ದಿನ ಬೆಳಿಗ್ಗೆಯೆಲ್ಲ ನಾವು ಪೇಢೆ ಹಂಚಿದೆವು. ಮಧ್ಯಾಹ್ನ ಸುಮಂಗಲಾ ಕರೆಗಳ ಮಾತುಕತೆಯನ್ನು ಪರದೆಯ ಮೇಲೆ ಓದಲು ಕೂತಳು. ಶಾಹಜಾದಿ ಎಂಬ ಹೆಣ್ಣುಮಗಳ ಕರೆ ಬಂತು.

“ನಮ್ಮ ಮಾವ ತ್ವಾಟದಾಗ ಔಷಧ ಹೊಡ್ಯಾಕತ್ತಿದ್ರು, ಕಣ್ಣಾಗ ಸಿಡದದರೀ. ಭಾಳ ಉರೀತದ ಅಂತಾರ. ಏನ್ ಮಾಡ್ಲಿ?”

ಟೂಲಿನಲ್ಲಿ ಇದ್ದದ್ದು ಬೆಳೆಯ ಮಾಹಿತಿ ಮಾತ್ರ. ಅದು ಬಲು ದೂರದ್ದೊಂದು ಪ್ಯಾರಾ ಎತ್ತಿಕೊಟ್ಟಿತು. ಔಷಧ ಸಿಡಿದು ಸುಟ್ಟ ಎಲೆಗೆ ಏನು ಮಾಡಬೇಕು ಎಂಬುದು ಅದರಲ್ಲಿತ್ತು. ಏಜೆಂಟ್ ಮೆತ್ತನೆಯ ಹೆಣ್ಣು ದನಿಯಲ್ಲಿ ಹೇಳಿತು: “ಗಾಬರಿ ಆಗಬೇಡಿ ಅಮ್ಮಾ. ಸಿಡಿದ ಜಾಗಕ್ಕೆ ಸುಣ್ಣದ ತಿಳಿನೀರು ಹಾಕಿ.”

ಕರೆ ಮುಗಿಯಿತು. ಸುಣ್ಣ ಬಿದ್ದರೆ ಕಣ್ಣೇ ಹೋಗುತ್ತದೆ. ಎಲೆ-ಅಡಿಕೆ ತಿನ್ನುವ ಮನೆಯಲ್ಲಿ ಸುಣ್ಣಕ್ಕೇನು ಬರ?

“ಶುಭದಾ, ಲೈನ್ ಬಂದ್ ಮಾಡು!” ಎಂದು ಸುಮಂಗಲಾ ನನ್ನ ಮೇಲೆ ಚೀರಿ, ಆ ನಂಬರಿಗೆ ಫೋನ್ ಹಚ್ಚಿದಳು. ಎಂಗೇಜ್. ಮತ್ತೆ ಹಚ್ಚಿದಳು. ಮತ್ತೆ ಎಂಗೇಜ್. ನಾನು ಸಹಾಯವಾಣಿಯ ಲೈನ್ ಬಂದ್ ಮಾಡಿದೆ. ಸುಜಯೀಂದ್ರ ಬಂದು ಏನಾಯಿತೆಂದು ಕೇಳಿದ. ಅವನಿಗೆ ಉತ್ತರ ಕೊಡುವ ವ್ಯವಧಾನ ಯಾರಿಗಿತ್ತು? ಕೊನೆಗೂ ಸ್ಪೀಕರಿನಲ್ಲಿ ರಿಂಗಾಯಿತು.

“ಸುಣ್ಣ ಕಲಸಾಕತ್ತೀನ್ರೀ, ಆಮ್ಯಾಲ ಮಾಡ್ರಿ.”

“ಚೆಲ್ಲು ಅದನ್ನ! ಕಣ್ಣಿಗೆ ಹಾಕಬ್ಯಾಡ!”

“ನೀವ್ಯಾರ್ರೀ ಒದರಾವ್ರು? ಈಗ ಒಬ್ಬಾಕಿ ಎಷ್ಟ ಮೆತ್ತಗ ತಿಳಿಸಿ ಹೇಳ್ಯಾಳ.”

ಹಿಂದೆ ಮುದುಕರು ನರಳುವುದು ಕೇಳುತ್ತಿತ್ತು. ಶಾಹಜಾದಿ ಫೋನ್ ಇಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆಗ ಸುಮಂಗಲಾ ಅಂದ ಮಾತನ್ನು ನಾನು ಅವಳ ಬಾಯಲ್ಲಿ ಯಾವತ್ತೂ ಕೇಳಿರಲಿಲ್ಲ.

“ಆಕಿಗೆ ಕಲಿಸಿದಾಕಿ ನಾನೇ ಅವ್ವಾ. ತಪ್ಪ ಕಲಿಸೀನಿ. ನಿನ್ನ ಕಾಲಿಗೆ ಬೀಳ್ತೀನಿ, ಬರೇ ನೀರ ಹಾಕು. ನಳ ಬಿಟ್ಟು ತೊಳೀತಾ ಇರು, ನಿಲ್ಲಸಬ್ಯಾಡ. ಆಮ್ಯಾಲ ಸೀದಾ ದವಾಖಾನಿಗೆ ಒಯ್ಯಿ.”

ಆ ಕಡೆ ನೀರು ಸುರಿಯುವ ಸದ್ದು ಕೇಳಿತು. ದವಾಖಾನೆಗೆ ಹೊರಟೆವು ಎಂದು ಶಾಹಜಾದಿ ಹೇಳುವವರೆಗೂ ಸುಮಂಗಲಾ ಫೋನ್ ಇಡಲಿಲ್ಲ.

ಫೋನ್ ಇಟ್ಟವಳು ಮೊದಲು ಕೈಪಿಡಿಯ ಆ ಸಾಲನ್ನು ಅಳಿಸಿದಳು. ‘ದೂರ ಹೆಚ್ಚಿದ್ದರೆ ಉತ್ತರ ಕೊಡಬೇಡ. ಗೊತ್ತಿಲ್ಲ ಎಂದು ಹೇಳಿ ಕರೆಯನ್ನು ಮನುಷ್ಯರಿಗೆ ಕೊಡು’ ಎಂದು ಬರೆದಳು. “ಗೊತ್ತಿಲ್ಲ ಅಂದ್ರ ಮಂದಿ ಏನ್ ತಿಳ್ಕೋತಾರ?” ಎಂದು ಸುಜಯೀಂದ್ರ ಗೊಣಗಿದ. ಅವಳು ಅವನತ್ತ ತಿರುಗದೆ ಚೀಲ ಎತ್ತಿಕೊಂಡಳು.

ಸಿಕ್ಕ ಬಸ್ಸು ಹತ್ತಿ ನಾವಿಬ್ಬರೂ ಕಮಲಾಪುರದ ದವಾಖಾನೆಗೆ ಹೋದೆವು. ಶಾಹಜಾದಿಯ ಮಾವ ಚಾಂದಪಾಶಾ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದರು. ದೃಷ್ಟಿಗೆ ಅಪಾಯವಿಲ್ಲ ಎಂದು ಡಾಕ್ಟರು ಹೇಳಿದ ಮೇಲೆಯೇ ನನಗೆ ಜೀವ ಬಂದಂತಾಯಿತು. ಸುಮಂಗಲಾ ನಾಚಿಕೆ ಬಿಟ್ಟು ಅತ್ತಳು. ಬೈಗುಳಕ್ಕೆ ನಾವು ತಯಾರಾಗಿಯೇ ಹೋಗಿದ್ದೆವು. ಶಾಹಜಾದಿ ಬೈಯಲಿಲ್ಲ. ಸುಮಂಗಲಾಳ ಕೈ ಹಿಡಿದು ಒಂದೇ ಮಾತು ಕೇಳಿದಳು.

“ಅಕ್ಕಾ, ಮುಂಜಾನಿಂದ ಇನ್ನ ಯಾರ್ಯಾರು ಫೋನ್ ಮಾಡಿದ್ರು?”

ಅವರಿಗೂ ಏಜೆಂಟ್ ಏನೇನು ಹೇಳಿದೆಯೋ ಎಂಬುದು ನಮಗಿಬ್ಬರಿಗೂ ಹೊಳೆದೇ ಇರಲಿಲ್ಲ. ಸುಮಂಗಲಾ ಅಲ್ಲೇ ಗೋಡೆಗೆ ಒರಗಿ, ಆಫೀಸಿನಿಂದ ಬೆಳಗಿನ ನಂಬರುಗಳನ್ನೆಲ್ಲ ತರಿಸಿಕೊಂಡು, ಮೊದಲನೆಯದಕ್ಕೆ ಫೋನ್ ಹಚ್ಚಿದಳು. ರಿಂಗಾಗುತ್ತಲೇ ಇತ್ತು. ಯಾರೂ ಎತ್ತಲಿಲ್ಲ.