ಎರಡು ಇಂಚು ಹೆಚ್ಚು

ಎರಡು ಸೂಡು ಮೆಂತ್ಯೆ ಸೋಸುತ್ತ ಕೂತಿದ್ದೆ. ಮಳೆಗಾಲದ ಮೆಂತ್ಯೆ, ಅರ್ಧ ಕೆಸರು, ಅರ್ಧ ಕೊಳೆತದ್ದು. ಆದರೂ ಸಯನ್ ಮಾರ್ಕೆಟ್ಟಿನಲ್ಲಿ ಆ ದಿನ ಸೊಪ್ಪು ಸಿಕ್ಕಿದ್ದೇ ಪುಣ್ಯ ಅಂದುಕೊಂಡು ಎಲೆ ಬಿಡಿಸುತ್ತಿದ್ದೆ. ಹನ್ನೊಂದೂವರೆಗೆ ಫೋನ್ ಬಂತು, ಆಫೀಸಿನಿಂದ ನಮ್ಮ ಮನೆಯವರು. ಅವರು ಆಫೀಸಿನ ಹೊತ್ತಿನಲ್ಲಿ ಫೋನ್ ಮಾಡುವ ಪೈಕಿಯಲ್ಲ. ಲಗ್ನವಾದ ಮೇಲೆ ಹಾಗೆ ಮಾಡಿದ್ದು ಎರಡೇ ಸಲ. ಒಮ್ಮೆ ಮಳೆಗೆ ಲೋಕಲ್ ರೈಲು ನಿಂತುಹೋದಾಗ, ಇನ್ನೊಮ್ಮೆ ನಮ್ಮ ಅತ್ತೆ ತೀರಿಕೊಂಡರೆಂದು ವಿಜಯಪುರದಿಂದ ಸುದ್ದಿ ಬಂದಾಗ.

"ನನ್ನ ಹಳೇ ಡ್ರಾಯಿಂಗ್ ಎಲ್ಲಾ ಕೆಂಪು ಬಂದಾವ. ಶೇಠ್ ಸೋಮವಾರ ಕರ್ದಾರ," ಅಂದರು. ಅಷ್ಟು ಹೇಳಿ ಫೋನ್ ಇಟ್ಟರು. ಕೆಂಪು ಯಾಕೆ ಬಂತು ಅನ್ನುವುದು ಆಫೀಸಿನಲ್ಲಿ ಇವರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ, ಮನೆಯಲ್ಲಿ ನನಗೆ ಗೊತ್ತಿತ್ತು.

ನಮ್ಮ ಮನೆಯವರ ಕೆಲಸ ಗಾಳಿಗೆ ದಾರಿ ಬರೆಯುವುದು. ದೊಡ್ಡ ಬಿಲ್ಡಿಂಗು, ಆಸ್ಪತ್ರೆ, ಹೋಟೆಲುಗಳಲ್ಲಿ ಎ.ಸಿ.ಯ ತಂಪು ಗಾಳಿ ಒಳಗೆ ಬರುವುದಕ್ಕೆ, ಅಡಿಗೆಮನೆಯ ಹೊಗೆ ಹೊರಗೆ ಹೋಗುವುದಕ್ಕೆ ಛಾವಣಿಯ ಕೆಳಗೆ ತಗಡಿನ ಚೌಕ ಕೊಳವೆ ಓಡಿಸುತ್ತಾರಲ್ಲ, ಅದಕ್ಕೆ ಡಕ್ಟ್ ಅನ್ನುತ್ತಾರೆ. ಅದು ಎಷ್ಟು ಅಗಲ, ಎಷ್ಟು ಎತ್ತರ, ಎಲ್ಲಿ ಹೊರಳಬೇಕು ಎಂದು ಲೆಕ್ಕ ಹಾಕಿ ನಕ್ಷೆ ತೆಗೆಯುವುದು ಇವರ ಉದ್ಯೋಗ. ಕುರ್ಲಾದ ಒಂದೇ ಕಂಪನಿಯಲ್ಲಿ ಇಪ್ಪತ್ತಾರು ವರ್ಷ. ಶೇಠ್ ಅದರ ಮಾಲಕರು. ಜನ ಹೋಟೆಲಿಗೆ ಹೋದರೆ ಎಲೆ ನೋಡುತ್ತಾರೆ, ಇವರು ಮೇಲೆ ನೋಡುತ್ತಾರೆ. ನಾನು ಎಷ್ಟೋ ಸಲ ಇಡ್ಲಿ ಆರಿಹೋಯಿತು ಎಂದು ಕರೆದು ಕೆಳಗಿಳಿಸಿದ್ದೇನೆ.

ಮೊದಲು ಮರದ ಬೋರ್ಡಿನ ಮೇಲೆ ಪೆನ್ಸಿಲ್ಲಿನಿಂದ ಬರೆಯುತ್ತಿದ್ದರು. ಆಗ ಆಫೀಸಿನಲ್ಲಿ ಹನ್ನೆರಡು ಬೋರ್ಡು, ಹನ್ನೆರಡು ಜನ. ಕಂಪ್ಯೂಟರ್ ಬಂತು, ಸುಧಾರಣೆ ಆಯಿತು ಎಂದು ಪೇಢೆ ಹಂಚಿದರು, ಏಳು ಜನ ಉಳಿದರು. ಆಮೇಲಿನ ಸಾಫ್ಟ್‌ವೇರ್ ತಾನೇ ತಿರುವು ಹಾಕುವುದನ್ನು ಕಲಿಯಿತು, ಮತ್ತೆ ಪೇಢೆ, ನಾಲ್ಕು ಜನ. ಹೀಗಾಗಿ ಇವರು ಆಫೀಸಿನಿಂದ ಪೇಢೆ ತಂದರೆ ನಾನು ಮೊದಲು ದೇವರ ಮುಂದಿಟ್ಟು, ಆಮೇಲೆ ಯಾರು ಹೋದರು ಎಂದು ಕೇಳುತ್ತಿದ್ದೆ.

ಆದರೆ ಲೆಕ್ಕ ಮಾತ್ರ ಬಹಳ ವರ್ಷ ಕೈಯಲ್ಲೇ ನಡೆಯಿತು. ಇವರ ಹತ್ತಿರ ಒಂದು ರಟ್ಟಿನ ಚಕ್ರ ಇತ್ತು, ಒಂದರ ಮೇಲೊಂದು ಎರಡು ಬಿಲ್ಲೆ. ಎಷ್ಟು ಗಾಳಿ ಹೋಗಬೇಕೋ ಆ ಅಂಕಿಗೆ ತಿರುಗಿಸಿ ಹಿಡಿದರೆ ಡಕ್ಟಿನ ಅಳತೆ ಕಾಣುತ್ತಿತ್ತು. ಕೆಲಸ ಹೆಚ್ಚಿದ್ದಾಗ ಸಂಜೆ ಮನೆಗೆ ತರುತ್ತಿದ್ದರು. ನಾನು ಹಾಳೆ ನೋಡಿ ಗಾಳಿಯ ಅಂಕಿ ಓದುವುದು, ಇವರು ಚಕ್ರ ತಿರುಗಿಸಿ ಬರೆಯುವುದು. ಹೊಸ ಹೆಂಡತಿಗೆ ಗಂಡನ ಕೂಡ ಮಾತಾಡುವ ಹೊತ್ತು ಅದೊಂದೇ ಆದ್ದರಿಂದ ನಾನು ಅಂಕಿಗಳನ್ನು ಸಾವಕಾಶ ಓದುತ್ತಿದ್ದೆ. ಹಾಗೆ ಓದುತ್ತಲೇ ಒಂದು ದಿನ ಕಣ್ಣಿಗೆ ಬಿತ್ತು. ಚಕ್ರ ಇಪ್ಪತ್ತು ಇಂಚು ತೋರಿಸಿದರೆ ಇವರು ಇಪ್ಪತ್ತೆರಡು ಬರೆಯುತ್ತಿದ್ದರು, ಹದಿನಾಲ್ಕು ತೋರಿಸಿದರೆ ಹದಿನಾರು.

ಯಾಕೆ ಹಾಗೆ ಎಂದು ಕೇಳಿದೆ.

"ನೀ ಅನ್ನಕ್ಕ ಇಡುವಾಗ ಒಂದ್ ಹಿಡಿ ಅಕ್ಕಿ ಹೆಚ್ಚಿಗಿ ಹಾಕ್ತೀಯಲ್ಲ, ಯಾಕ?"

"ಯಾರರ ಬರಬಹುದು ಅಂತ."

"ಅಲ್ಲೂ ಯಾರರ ಬರ್ತಾರ," ಅಂದರು. ಆ ಸಂಗತಿ ಅಲ್ಲಿಗೆ ಮುಗಿಯಿತು. ನಮ್ಮಿಬ್ಬರಲ್ಲಿ ಅದು ಕಳ್ಳತನ ಅನ್ನಿಸಲೇ ಇಲ್ಲ. ತಗಡು ಶೇಠ್ ಅವರದು ಎಂಬ ವಿಚಾರ ನನಗೆ ಹೊಳೆದದ್ದು ಮೆಂತ್ಯೆ ಸೋಸುವಾಗ, ಇಪ್ಪತ್ತಾರು ವರ್ಷದ ಮೇಲೆ.

ಈಗ ಬಂದ ಸಾಫ್ಟ್‌ವೇರಿನ ಹೆಚ್ಚುಗಾರಿಕೆ ಏನೆಂದರೆ ಅದು ಬರೆಯುತ್ತದೆ, ಲೆಕ್ಕವನ್ನೂ ಹಾಕುತ್ತದೆ, ಮೇಲಿಂದ ಇನ್ನೊಬ್ಬರ ಲೆಕ್ಕವನ್ನೂ ತಿದ್ದುತ್ತದೆ. ಬೇಕಾದ್ದಕ್ಕಿಂತ ಡಕ್ಟ್ ದೊಡ್ಡದಿದ್ದರೆ ಕೆಂಪು ಬಳಿದು ತೋರಿಸುತ್ತದೆ. ಅದನ್ನು ಇವರಿಗೆ ಕಲಿಸುತ್ತಿದ್ದವಳು ಆಫೀಸಿಗೆ ಹೊಸದಾಗಿ ಸೇರಿದ ಇಂಜಿನಿಯರ್ ಹುಡುಗಿ. ಬೆಳಗಾವಿ ಕಡೆಯವರ ಮಗಳು, ಹುಟ್ಟಿ ಬೆಳೆದದ್ದು ಇಲ್ಲೇ ಸಯನ್ನಿನಲ್ಲಿ. ಮಧ್ಯಾಹ್ನ ಇವರ ಡಬ್ಬಿಯಿಂದ ರೊಟ್ಟಿ ತಿಂದು, ತಿಂದದ್ದಕ್ಕೆ ಬದಲು ಒಂದೊಂದು ಬಟನ್ ಕಲಿಸುತ್ತಿದ್ದಳು. ಅಭ್ಯಾಸಕ್ಕೆ ಇರಲಿ ಎಂದು ಇವರದೇ ಹಳೆಯ ನಕ್ಷೆಗಳನ್ನು ಅದರೊಳಗೆ ಹಾಕಿದಳಂತೆ. ಒಂದರ ಹಿಂದೊಂದು ಕೆಂಪಾಗುತ್ತ ಹೋದವು. ಆ ಹೊತ್ತಿಗೆ ಸರಿಯಾಗಿ ಶೇಠ್ ಹಿಂದೆ ಬಂದು ನಿಂತಿದ್ದರು.

ಇವರಿಗೆ ಐವತ್ತೈದು. ನಿವೃತ್ತಿಗೆ ಇನ್ನೂ ಮೂರು ವರ್ಷ. ಆ ವಯಸ್ಸಿನಲ್ಲಿ ಕುರ್ಲಾದಲ್ಲಿ ಕೆಲಸ ಹೋದರೆ ಇನ್ನೊಂದು ಕುರ್ಲಾ ಎಲ್ಲಿದೆ? ಸಂಜೆ ಬಂದವರು ಊಟ ಮಾಡಿದರು, ಪಲ್ಯ ಛಲೋ ಆಗೇದ ಅಂದರು. ಉಪ್ಪು ಹಾಕುವುದನ್ನು ನಾನು ಮರೆತಿದ್ದೆ.

ಮರುದಿನ ಶುಕ್ರವಾರ. ಬನಶಂಕರಿಗೆ ದೀಪ ಹಚ್ಚಿ, ಇದ್ದದ್ದನ್ನು ಇದ್ದ ಹಾಗೆ ಬೇಡಿಕೊಂಡೆ. ತಾಯಿ, ಆ ಸಾಫ್ಟ್‌ವೇರಿಗೆ ಏನಾದರೂ ಆಗಲಿ. ಬೇಡಿದ ಮೇಲೆ ವಿಚಾರ ಬಂತು. ಈ ಊರಿನ ಆಸ್ಪತ್ರೆಗಳ ಗಾಳಿಯೆಲ್ಲ ಈಗ ಅದರ ಲೆಕ್ಕದ ಮೇಲೆಯೇ ಓಡುವುದು. ಅದಕ್ಕೆ ಏನಾದರೂ ಆದರೆ ಆಪರೇಷನ್ ಟೇಬಲ್ಲಿನ ಮೇಲೆ ಮಲಗಿದವರ ಗತಿ? ಗಂಟೆ ಬಾರಿಸಿ ತಿದ್ದಿಕೊಂಡೆ. ಪೂರಾ ಕೆಡುವುದು ಬೇಡ ತಾಯಿ, ಇವರ ನಕ್ಷೆಯ ಮಟ್ಟಿಗೆ ತಪ್ಪಿದರೆ ಸಾಕು. ಅದೂ ಸರಿ ಕಾಣಲಿಲ್ಲ. ದೇವಿಗೆ ಸುಳ್ಳು ಹೇಳಲು ಹಚ್ಚಿದ ಹಾಗಾಯಿತು. ಕಡೆಗೆ, ಅದೂ ಸರಿ ಇರಲಿ, ಇವರೂ ಸರಿ ಇರಲಿ, ಇಬ್ಬರಿಗೂ ಹೊಂದಾಣಿಕೆ ಆಗಲಿ ಎಂದು ಕೈಮುಗಿದೆ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ನಮ್ಮ ಅತ್ತೆ ನನಗೋಸ್ಕರ ಬೇಡಿಕೊಂಡದ್ದೂ ಇದೇ ಅಂತೆ. ಎಂಟು ವರ್ಷ ಹಿಡಿಯಿತು. ಇಲ್ಲಿ ಇದ್ದದ್ದು ಸೋಮವಾರದವರೆಗೆ.

ಅಂದು ಸಂಜೆ ಆ ಹುಡುಗಿ ಮನೆಗೆ ಬಂದಳು. ಚಪ್ಪಲಿ ಬಿಟ್ಟು ಒಳಗೆ ಬರಲೂ ಅಂಜುತ್ತ ಬಾಗಿಲಲ್ಲೇ ನಿಂತಳು.

"ಕಾಕು, ನಾ ಮುದ್ದಾಂ ಮಾಡ್ಲಿಲ್ಲ, ಪ್ರಾಮಿಸ್. ವೋ ಅಪ್ನೇ ಆಪ್, ತಾನೇ ಕೆಂಪು ಮಾಡ್ತದ."

ಬೇಕಂತಲೇ ಮಾಡಿದವರು ನಮ್ಮ ಮನೆಯವರೇ, ನೀನು ಒಳಗೆ ಬಾ ಅಂದೆ. ಶೇಂಗಾ ಹಿಂಡಿ ಹಚ್ಚಿ ರೊಟ್ಟಿ ಕೊಟ್ಟೆ. ತಿನ್ನುತ್ತ ತಿನ್ನುತ್ತ ಹೇಳಿದಳು. ಎಲ್ಲಕ್ಕಿಂತ ಹೆಚ್ಚು ಕೆಂಪಾದದ್ದು ಸಾಂತಾಕ್ರೂಜಿನ ಒಂದು ಉಡುಪಿ ಹೋಟೆಲಿನ ಅಡಿಗೆಮನೆಯ ಡಕ್ಟಂತೆ, ಎರಡಲ್ಲ, ನಾಲ್ಕು ಇಂಚು ಹೆಚ್ಚು. ನಾಳೆ ಇಬ್ಬರೂ ಹೋಗಿ ಅಳತೆ ತೆಗೆದು, ಫೋಟೋ ಹೊಡೆದು ತರಬೇಕೆಂದು ಶೇಠ್ ಹೇಳಿದ್ದಾರೆ. ನಾನು ಇವರ ಮುಖ ನೋಡಿದೆ.

"ಆ ಅಡಿಗಿಮನಿ ಭಾಳ ತಗ್ಗ ಇತ್ತು. ಭಟ್ಟರ ಕಣ್ಣಾಗ ಬರೇ ನೀರು," ಅಂದರು ಇವರು, ತಪ್ಪು ಒಪ್ಪಿಕೊಳ್ಳುವವರ ದನಿಯಲ್ಲಿ.

ಶನಿವಾರ ಮಧ್ಯಾಹ್ನ ತಿರುಗಿ ಬಂದಾಗ ಇವರ ಕೈಯಲ್ಲಿ ಬಾಳೆಲೆಯ ಪೊಟ್ಟಣ, ಮೋರೆಯ ಮೇಲೆ ಅರ್ಧ ನಗು. ನಡೆದದ್ದನ್ನು ಹೇಳಿದರು. ಹೋಟೆಲಿನ ಮಾಲಕರು ಉಡುಪಿ ಕಡೆಯವರು. ಇವರ ಗುರುತು ಹಿಡಿದು ಗಲ್ಲೆಯಿಂದ ಎದ್ದು ಬಂದರಂತೆ.

"ನಿಮ್ಮ ಡಕ್ಟ್ ಉಂಟಲ್ಲ, ಅದಕ್ಕೆ ದಿನಾ ಕೈ ಮುಗಿಯಬೇಕು ಮಾರಾಯ್ರೆ. ಆಮೇಲೆ ನಾವು ಎರಡು ದೋಸೆ ಕಾವಲಿ ಹೆಚ್ಚು ಇಟ್ಟೆವು, ಒಂದು ಚೈನೀಸ್ ಕೌಂಟರ್ ಇಟ್ಟೆವು. ಫ್ಯಾನ್ ಮಾತ್ರ ದೊಡ್ಡದು ಹಾಕಿದ್ದು. ಡಕ್ಟ್ ಮುಟ್ಟಲೇ ಇಲ್ಲ. ಹೊಗೆ ಎಲ್ಲಿಗೆ ಹೋಗ್ತದೆ ಅಂತ ನಮಗೇ ಗೊತ್ತಿಲ್ಲ."

ಇಷ್ಟು ಹೇಳಿ ಸುಮ್ಮನಿರದೆ, ಇವರ ಎದುರಿಗೇ ಶೇಠ್ ಅವರಿಗೆ ಫೋನ್ ಹಚ್ಚಿ ಹೊಗಳಿದರಂತೆ. ಹೋದ ಜೀವ ತಿರುಗಿ ಬಂತು. ಪೊಟ್ಟಣ ಬಿಚ್ಚಿದರೆ ಗೋಳಿಬಜೆ, ಇನ್ನೂ ಬೆಚ್ಚಗಿತ್ತು. ಯಾರರ ಬರ್ತಾರ ಅಂದಿದ್ದರಲ್ಲ, ಬಂದಿದ್ದರು, ಚೈನೀಸ್ ಕೌಂಟರಿನ ರೂಪದಲ್ಲಿ. ದೇವಿ ನನ್ನ ಮೊದಲಿನ ಎರಡು ಬೇಡಿಕೆ ಬಿಟ್ಟು ಮೂರನೆಯದನ್ನೇ ಕೇಳಿಸಿಕೊಂಡಳು ಅಂದುಕೊಂಡೆ.

ಸಾಫ್ಟ್‌ವೇರ್ ಹೇಳಿದ್ದೂ ಪೂರಾ ಸುಳ್ಳಲ್ಲ, ಅದನ್ನೂ ಹೇಳಬೇಕು. ಹುಡುಗಿ ಡಕ್ಟಿನ ಕಿಟಕಿ ತೆಗೆದು ಕೈ ಹಾಕಿದರೆ ಮೊಣಕೈತನಕ ಎಣ್ಣೆಯ ಜಿಡ್ಡು. ಕೊಳವೆ ದೊಡ್ಡದಾದರೆ ಗಾಳಿ ನಿಧಾನ, ಗಾಳಿ ನಿಧಾನವಾದರೆ ಜಿಡ್ಡು ಕೆಳಗೆ ಕೂರುತ್ತದೆ, ದೊಡ್ಡ ಫ್ಯಾನ್ ಬರುವವರೆಗಿನ ವರ್ಷಗಳದ್ದೆಲ್ಲ ಇದು ಕಾಕಾ, ಎಂದು ಅವಳು ಕೈ ಒರೆಸಿಕೊಳ್ಳುತ್ತ ಹೇಳಿದಳಂತೆ. ಇವರು ಖರೇ ಅದ ಅಂದರಂತೆ. ಒಂದು ಹಿಡಿ ಹೆಚ್ಚಿಗೆ ಮಾಡಿದ ಅನ್ನವೂ ಯಾರೂ ಬಾರದ ದಿನ ಮರುದಿನ ಒಗ್ಗರಣೆಯಾಗಿ ನಮ್ಮ ಹೊಟ್ಟೆಗೇ ಬರುತ್ತದಲ್ಲ. ಪುಣ್ಯಕ್ಕೂ ತಂಗಳು ಉಂಟು.

ಸೋಮವಾರ ಹಣೆಗೆ ವಿಭೂತಿ ಹಚ್ಚಿಕೊಂಡು, ಫೋಟೋಗಳ ಫೈಲು ಬಗಲಲ್ಲಿಟ್ಟುಕೊಂಡು ಇವರು ಹೋದರು. ನಾನು ದಿನವಿಡೀ ಫೋನ್ ಮುಂದೆ ಇಟ್ಟುಕೊಂಡು ಸೆರಗಿನಲ್ಲಿ ಒರೆಸಿದ್ದೇ ಒರೆಸಿದ್ದು. ಬರಲಿಲ್ಲ. ಆರು ಗಂಟೆಗೆ ಇವರೇ ಬಂದರು. ಕಾಲು ತೊಳೆದು, ಚಹಾ ಕುಡಿದು, ಆಮೇಲೆ ಬಾಯಿ ಬಿಟ್ಟರು.

ಶೇಠ್ ಅವರಿಗೆ ಸಿಟ್ಟು ಬಂದದ್ದೇ ಆ ಹೊಗಳಿಕೆಯ ಫೋನಿನಿಂದಂತೆ. "ಡಕ್ಟ್ ಬರೋಬರ್ ಸೈಜ್ ಕಾ ಹೋತಾ ತೋ ವೋ ಆದ್ಮೀ ನಯೇ ಡಕ್ಟ್ ಕೇ ಲಿಯೇ ಹಮಾರೇ ಪಾಸ್ ಆತಾ. ತುಮ್‌ನೇ ಉಸ್‌ಕೋ ಆನೇ ಹೀ ನಹೀಂ ದಿಯಾ." ಅಳತೆಗೆ ಸರಿಯಾಗಿ ಮಾಡಿದ್ದರೆ ಎರಡನೆಯ ಕಾವಲಿ ಇಟ್ಟ ದಿನವೇ ಹೋಟೆಲಿನವರು ಹೊಗೆ ತಾಳದೆ ಹೊಸ ಡಕ್ಟಿಗೆ ಓಡಿಬರುತ್ತಿದ್ದರು, ನೀನು ಬರಗೊಡಲಿಲ್ಲ ಎಂದು. ತಗಡು ಹೋದ ದುಃಖಕ್ಕಿಂತ ಬಾರದ ಗಿರಾಕಿಯ ದುಃಖ ಹೆಚ್ಚಾಗಿತ್ತು. ಅಷ್ಟು ಛಲೋ ಕೆಲಸ ಮಾಡಿದ್ದಕ್ಕೆ ಮನುಷ್ಯ ಬೈಸಿಕೊಳ್ಳುವುದನ್ನು ನಾನು ಮದುವೆಯ ಮನೆಗಳಲ್ಲಿ ಮಾತ್ರ ಕಂಡಿದ್ದೆ.

"ಮತ್ತ ಕೆಲಸದಿಂದ ತೆಗದರೇನು?" ಅಂತ ಕೇಳಿದೆ. ಸುತ್ತಿ ಬಳಸಿ ಕೇಳುವುದು ನನಗೆ ಬರುವುದಿಲ್ಲ.

ತೆಗೆಯುವವರೇ ಇದ್ದರಂತೆ. ಅಷ್ಟರಲ್ಲಿ ಆ ಹುಡುಗಿ ಒಳಗೆ ಬಂದು, ಆಫೀಸು ಮಾಡಿಕೊಟ್ಟಿದ್ದ ಒಂದು ಆಸ್ಪತ್ರೆಯ ನಕ್ಷೆಗಳು ತಿರುಗಿ ಬಂದಿವೆ ಅಂದಳು. ಹೊಸ ಸಾಫ್ಟ್‌ವೇರಿನಲ್ಲಿ ಇನ್ನೊಂದು ಸುಧಾರಣೆ ಇದೆಯಂತೆ. ಮುಂದೆಂದಾದರೂ ಬೇಕಾಗಬಹುದೆಂದು ಗಾಳಿ ಎಷ್ಟು ಹೆಚ್ಚಿಗೆ ಹಿಡಿಯಬೇಕು ಎಂದು ಬರೆಯಲು ಒಂದು ಖಾಲಿ ಚೌಕ, ಅದನ್ನು ನಿರ್ಧರಿಸಿದವರು ಯಾರು ಎಂದು ಹೆಸರು ಹಾಕಲು ಪಕ್ಕದಲ್ಲಿ ಇನ್ನೊಂದು. ಆಫೀಸಿನ ಹುಡುಗರೆಲ್ಲ ಮೊದಲನೆಯದರಲ್ಲಿ ಸೊನ್ನೆ ಹೊಡೆದು, ಎರಡನೆಯದನ್ನು ಖಾಲಿ ಬಿಟ್ಟಿದ್ದರು. ಸೊನ್ನೆ ಎಂದು ನಿರ್ಧರಿಸಿದವರು ಯಾರು ಎಂದು ಆಸ್ಪತ್ರೆಯವರು ಕೇಳಿದ್ದಾರೆ. ಶೇಠ್ ಒಬ್ಬೊಬ್ಬರನ್ನೇ ಕರೆದು, ಹೆಸರು ಹಾಕುತ್ತೀಯಾ ಎಂದು ಕೇಳಿದರು. ಒಬ್ಬನಿಗೆ ಒಮ್ಮೆಲೇ ಸೈಟಿನ ನೆನಪಾಯಿತು, ಇನ್ನೊಬ್ಬನಿಗೆ ಫೋನ್ ಬಂತು. ನಾಳೆ ಏನಾದರೂ ಆದರೆ ಹೆಸರು ಇದ್ದವನನ್ನೇ ಹಿಡಿಯುತ್ತಾರಲ್ಲ. ಕಡೆಗೆ ಶೇಠ್ ಅವರ ಕಣ್ಣು ಫೈಲು ಹಿಡಿದು ಮೂಲೆಯಲ್ಲಿ ನಿಂತಿದ್ದ ಇವರ ಮೇಲೆ ಬಿತ್ತು. ಹೆಚ್ಚಿಗೆ ಹಾಕುವ ಚಟ ಇವನಿಗೇ ಇದೆ, ಇವನ ಹೆಸರನ್ನೇ ಹಾಕಿ ಅಂದರಂತೆ. ನೂರಕ್ಕೆ ಹತ್ತರ ಮೇಲೆ ಹೋಗಬಾರದು, ನಿವೃತ್ತಿಯವರೆಗೆ ಎಲ್ಲ ನಕ್ಷೆಗೂ ಇವನದೇ ಹೆಸರು.

ಕಾರಣ ಬರೆಯಲಿಕ್ಕೂ ಜಾಗ ಇದೆಯಂತೆ. ಬರೆಯುವುದಲ್ಲ, ಆರಿಸುವುದು. ನಾಲ್ಕು ಕಾರಣಗಳನ್ನು ಅವರೇ ಕೊಟ್ಟಿದ್ದಾರೆ. ನಾಲ್ಕರಲ್ಲಿ ಒಂದೂ ಇವರದಲ್ಲ. ಐದನೆಯದು 'ಇತರೆ'. ಇವರು ಅದನ್ನು ಒತ್ತಿ ಬಂದಿದ್ದರು.

ನಾನು ಎದ್ದು ಹೋಗಿ ದೇವಿಗೆ ಸಕ್ಕರೆ ಇಟ್ಟು ಬಂದೆ. ಇವರು ಮಾತ್ರ ಖಾಲಿ ಕಪ್ಪು ಹಿಡಿದು ಹಾಗೇ ಕೂತಿದ್ದರು. ಕೆಲಸ ಉಳಿದವರ ಮೋರೆ ಅದಾಗಿರಲಿಲ್ಲ. ಏನಾತು ಅಂದೆ.

"ಇಷ್ಟ್ ವರ್ಷ ಮುಚ್ಚಿ ಮಾಡ್ದೆ, ಒಂದ್ ದಿವಸಾನೂ ಅಂಜಲಿಲ್ಲ. ಇವತ್ತ ಹೆಸರ ಹಾಕಿ ಮಾಡೂದಕ್ಕ ಅಂಜಿಕಿ ಬಂತು."

"ಆಸ್ಪತ್ರೀದಕ್ಕ ಎಷ್ಟ್ ಬರದ್ರಿ?"

"ಏಳು."

"ಹತ್ತರ ತನಕಾ ಬಿಟ್ಟಾರಂದ್ರಿ."

"ಬಿಟ್ಟಾರ. ಹತ್ತು ಒತ್ತಾಕ ಧೈರ್ಯ ಆಗಲಿಲ್ಲ," ಅಂದರು.

ಏಳೂ ಸಣ್ಣದಲ್ಲ, ಯಾರೂ ಸೊನ್ನೆಯ ಮೇಲೆ ಏರದ ಕಡೆ ಏಳು ಅಂದೆ. ಸಮಾಧಾನಕ್ಕೆ ಅಂದದ್ದು. ನಾಳೆ ಎಂಟು ಒತ್ತಿ ನೋಡ್ರಿ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು, ಆದರೆ ಹೆಸರು ಅವರದು, ನನ್ನದಲ್ಲ. ಅಷ್ಟರಲ್ಲಿ ನಲ್ಲಿಯೊಳಗೆ ಗೊರಗೊರ ಸದ್ದಾಯಿತು. ಸಂಜೆಯ ನೀರು ಮುಕ್ಕಾಲು ಗಂಟೆ ಬಂದು ಹೋದರೆ ಬೆಳಗಿನ ತನಕ ಹನಿ ಇಲ್ಲ. ಅವರ ಕೈಯಿಂದ ಕಪ್ಪು ತೆಗೆದುಕೊಂಡು, ಬಚ್ಚಲು ಮೋರಿಗೆ ಹೋಗಿ ಡ್ರಮ್ಮು ತಿಕ್ಕಿ ತೊಳೆದು, ನೀರು ಹಿಡಿಯಲು ಕೂತೆ.